ಮುದ್ದನಕೊಪ್ಪಲಿನ ಹನ್ನೊಂದು ವಾಂಡರ್ಲೂಗಳು

ಹೊಳೆನರಸೀಪುರದ ಗೌರೀಶಂಕರಯ್ಯ ಮೇಷ್ಟರು ನಲವತ್ತಾರು ವರ್ಷ ಯಾವ ಕೊರತೆಯೂ ಇಲ್ಲದೆ ಬಾಳಿದವರು. ನಲವತ್ತೇಳನೆಯ ವರ್ಷದಲ್ಲಿ ಹಾಸನಕ್ಕೆ ಹೋಗಿ ಒಂದು ಕೊರತೆಯನ್ನು ಹಚ್ಚಿಕೊಂಡು ಬಂದರು. ಜೀವವಿಮೆ ಮಾಡಿಸಲು ಹೋದಾಗ ಅಲ್ಲಿನ ಗುಮಾಸ್ತ ಫಾರಂ ತುಂಬುತ್ತ, "ಸರ್‌ನೇಮ್?" ಎಂದ. ಮೇಷ್ಟರು ತಂದೆಯ ಹೆಸರು ಹೇಳಿದರು. ಅದಲ್ಲ ಎಂದ. ಊರಿನ ಹೆಸರು ಹೇಳಿದರು. ಅದೂ ಅಲ್ಲ ಎಂದ. "ಹಾಗಾದರೆ ನಿಮಗೆ ಇಲ್ಲವೇ ಇಲ್ಲವೆ?" ಎಂದು ಆರು ಜನರೆದುರಿಗೆ ಕೇಳಿಯೇಬಿಟ್ಟ. ಆ ಧಾಟಿಗೆ ಪಕ್ಕದ ಬೆಂಚಿನವರು ಮೇಷ್ಟರ ಕೈಕಾಲುಗಳನ್ನು ಕನಿಕರದಿಂದ ಎಣಿಸಿ ನೋಡಿದರು.

ಅಂದಿನಿಂದ ಮೇಷ್ಟರಿಗೆ ನಿದ್ದೆ ಹತ್ತಲಿಲ್ಲ. ಇಂಗ್ಲಿಷರಿಗೆ ಸರ್‌ನೇಮ್ ಇದೆ, ಮರಾಠರಿಗೆ ಇದೆ, ಹಾಸನದಲ್ಲಿ ಬ್ರೆಡ್ಡು ಮಾರುವ ಗೋವೆಯವನಿಗೂ ಇದೆ, ತನಗೊಬ್ಬನಿಗೆ ಇಲ್ಲ ಎಂದು ಕೊರಗಿದರು. ಹೆಂಡತಿ ನೀಲಾಂಬಿಕೆ, "ಏನ್ರೀ, ನಿಮ್ಮಪ್ಪನಿಗೂ ಇರಲಿಲ್ಲ, ತಾತನಿಗೂ ಇರಲಿಲ್ಲ. ಅವರೇನು ಊಟ ಬಿಟ್ಟಿದ್ರಾ?" ಎಂದು ಮುದ್ದೆ ಬಡಿಸಿದಳು. ಮೇಷ್ಟರು ಉಂಡರು, ಆದರೆ ಒಪ್ಪಲಿಲ್ಲ. ಕಂಡಕಂಡವರ ಕುಲನಾಮಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದರು.

ಹೀಗಿರುವಾಗ ೧೯೪೦ರ ದೀಪಾವಳಿ ಕಳೆದ ಮೇಲೆ ಸ್ಕೂಲಿನ ವಿಳಾಸಕ್ಕೆ ಕೊಲಂಬೋದಿಂದ ಒಂದು ಕಾಗದ ಬಂತು. ಬರೆದವಳು ಮಿಸ್ ವಾಂಡರ್ಲೂ ಎಂಬ ಮುದುಕಿ. ಇನ್ನೂರು ವರ್ಷದ ಹಿಂದೆ ಹಾಲೆಂಡ್ ದೇಶದಿಂದ ಡಚ್ಚರ ಹಡಗು ಹತ್ತಿ ಸಿಂಹಳಕ್ಕೆ ಬಂದ ಒಬ್ಬ ಬಡಗಿಯ ವಂಶ ತಮ್ಮದು. ಕಾಡು ಕಡಿದು ಮಾಡಿದ ಬಯಲಿನವರು ಎಂದು ಆ ಹೆಸರಿನ ಅರ್ಥವಂತೆ. ಬಹಳ ಅಪರೂಪದ ಹೆಸರು. ಈಗ ಉಳಿದಿರುವವರು ತಾನೂ ತನ್ನ ಕುರುಡು ಅಕ್ಕನೂ ಇಬ್ಬರೇ. ತಮ್ಮ ಹೆನ್ರಿ ಮೈಸೂರು ಸೀಮೆಯಲ್ಲಿ ರೈಲುದಾರಿ ಹಾಕುವಾಗ ಓವರ್ಸಿಯರ್ ಆಗಿದ್ದು, ಮದುವೆಯಿಲ್ಲದೆಯೇ ೧೯೧೮ರ ಜ್ವರದಲ್ಲಿ ನಿಮ್ಮ ಊರಿನ ಹತ್ತಿರ ತೀರಿಕೊಂಡ. ಆ ಕಡೆ ಎಲ್ಲಾದರೂ ಈ ಹೆಸರಿನವರು ಇದ್ದರೆ ಕಣ್ಣು ಮುಚ್ಚುವ ಮೊದಲು ತಿಳಿಯುವ ಆಸೆ, ದಯವಿಟ್ಟು ಬರೆಯಿರಿ ಎಂದಿತ್ತು. ಹೆಡ್‌ಮಾಸ್ಟರು, "ಹೆಸರಿನ ಹುಚ್ಚು ನಿಮಗಲ್ಲವೇ, ತಗೊಳ್ಳಿ," ಎಂದು ಕಾಗದವನ್ನು ಮೇಷ್ಟರ ಕೈಗೆ ಕೊಟ್ಟು ಕೈ ತೊಳೆದುಕೊಂಡರು.

ಅಷ್ಟರಲ್ಲಿ ೧೯೪೧ರ ಖಾನೇಷುಮಾರಿ ಬಂತು. ಜನರ ತಲೆ ಎಣಿಸಬೇಕು ಅನ್ನಿಸಿದಾಗಲೆಲ್ಲ ಸರ್ಕಾರಕ್ಕೆ ನೆನಪಾಗುವುದು ಮೇಷ್ಟರುಗಳು. ಗೌರೀಶಂಕರಯ್ಯನವರ ಪಾಲಿಗೆ ಹಳ್ಳಿಮೈಸೂರಿನ ಆಚೆಯ ಮುದ್ದನಕೊಪ್ಪಲು ಬಂತು. ಎಪ್ಪತ್ತು ಮನೆ, ಎಲ್ಲ ಒಕ್ಕಲುತನದವರು. ಮೂರನೆಯ ಮನೆ ದ್ಯಾವಯ್ಯನದು. ದ್ಯಾವಯ್ಯ ಮಾತು ಕಮ್ಮಿ, ಅವನ ಹೆಂಡತಿ ದೊಡ್ಡಮ್ಮನೇ ಜಗಲಿಗೆ ಬಂದು ಉತ್ತರ ಕೊಟ್ಟಳು.

"ಮಗನ ಹೆಸರೇನಮ್ಮ?"

"ವಾಂಡ್ರಪ್ಪ."

"ಏನಂದೆ?"

"ಪೂರಾ ಏಳಿದ್ರೆ ವಾಂಡರ್ಲೂಪ್ಪ ಸಾ. ಅಷ್ಟುದ್ದ ಕೂಗೋಕಾಯ್ತದಾ? ವಾಂಡ್ರಪ್ಪ ಅಂತೀವಿ. ರೈಲು ದೊರೆ ಎಸ್ರು."

ಮೇಷ್ಟರ ಕೈಯಿಂದ ಲೇಖನಿ ಜಾರಿ ಮಡಿಲಿಗೆ ಬಿತ್ತು, ಪಂಚೆಗೆ ಮಸಿಯಾಯಿತು. "ರೈಲು ದೊರೆಯ ಹೆಸರು ನಿಮ್ಮ ಮಗನಿಗೆ ಯಾಕಮ್ಮ?" ಎಂದರು.

ದೊಡ್ಡಮ್ಮ ಹಿತ್ತಿಲ ಕಡೆ ತಿರುಗಿ ನೋಡಿದಳು. ಅಲ್ಲಿ ಇಪ್ಪತ್ಮೂರು ವರ್ಷದ ಮಗ ನೇಗಿಲಿಗೆ ಗುಳ ಬಡಿಯುತ್ತಿದ್ದ. "ಅದ್ನ ಕೇಳಬಾರ್ದು ಸಾ, ನಾವು ಏಳಬಾರ್ದು. ಬರ್ಕಂಡು ಮುಂದ್ಲ ಮನೆಗೋಗಿ," ಎಂದಳು.

ಮುಂದಿನ ಮನೆಯಲ್ಲಿ ಒಂಬತ್ತು ವರ್ಷದ ವಾಂಡ್ರಮ್ಮ ಸಿಕ್ಕಿದಳು. ಮೂಲೆಮನೆಯಲ್ಲಿ ಗುಂಡಯ್ಯನ ಮಗ ವಾಂಡ್ರಗೌಡ. ಕೆರೆಯ ಕಡೆ ಹೋದರೆ ಸಣ್ಣ ವಾಂಡ್ರಪ್ಪ, ಕರಿ ವಾಂಡ್ರಪ್ಪ, ತೊಟ್ಟಿಲಲ್ಲಿ ಆರು ತಿಂಗಳ ವಾಂಡ್ರಿ. ಸಂಜೆಯ ಹೊತ್ತಿಗೆ ಒಟ್ಟು ಹನ್ನೊಂದು. ಯಾಕೆ ಎಂದು ಕೇಳಿದರೆ ಎಲ್ಲ ಮನೆಯಲ್ಲೂ ಅದೇ ಉತ್ತರ, ಕೇಳಬಾರದು, ಹೇಳಬಾರದು. ಕೇಳಬಾರದ್ದು ಅಂದ ಮೇಲೆ ಅದು ಒಂದೇ ವಿಷಯವಿರಬೇಕು ಎಂದು ಮೇಷ್ಟರು ತಮ್ಮಷ್ಟಕ್ಕೆ ತೀರ್ಮಾನಿಸಿ ಕಿವಿಯವರೆಗೂ ಕೆಂಪಾದರು. ಖಾನೇಷುಮಾರಿ ಚೀಟಿಗಳ ಅಂಚಿನಲ್ಲಿ, ಯಾರೂ ಕೇಳದಿದ್ದರೂ, "ಡಚ್ ಮೂಲದ ಕುಲನಾಮ, ಅತಿ ವಿರಳ, ಈ ಗ್ರಾಮದಲ್ಲಿ ಮಾತ್ರ ವಿಪುಲ" ಎಂದು ದುಂಡಗೆ ಬರೆದರು. ಕೊಲಂಬೋಗೂ ಅಂದೇ ಕಾಗದ ಹಾಕಿದರು.

ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ಪಂಡಿತನಾದವನು ಸುಮ್ಮನಿರುವುದುಂಟೆ! ಆ ವಾರವೇ ಅರಕಲಗೂಡಿನಲ್ಲಿ ನೀಲಾಂಬಿಕೆಯ ಅಣ್ಣ ಚಂದ್ರಶೇಖರಯ್ಯನ ಮೊಮ್ಮಗನಿಗೆ ನಾಮಕರಣ. ಎಲೆ ಮುಂದೆ ಕುಳಿತ ಮೇಷ್ಟರು, ಹೋಳಿಗೆ ಬಡಿಸುವವಳನ್ನು ನಿಲ್ಲಿಸಿಕೊಂಡೇ ಡಚ್ಚರ ಹಡಗು, ಬಡಗಿ, ಸಿಂಹಳ, ರೈಲುದಾರಿ, ಮುದ್ದನಕೊಪ್ಪಲು ಎಲ್ಲವನ್ನೂ ಪಂಕ್ತಿಗೆಲ್ಲ ಕೇಳುವಂತೆ ಬಿಡಿಸಿ ಹೇಳಿದರು.

"ತಾಳಿ ಭಾವ," ಎಂದರು ಚಂದ್ರಶೇಖರಯ್ಯ. "ದೊರೆಗೆ ಮದುವೆ ಇರಲಿಲ್ಲ ಅಂದ್ರಿ."

"ಇರಲಿಲ್ಲ."

"ಅವನ ಹೆಸರಿನೋರು ಹನ್ನೊಂದು ಜನ ಇದ್ದಾರೆ ಅಂದ್ರಿ."

"ಇದ್ದಾರೆ. ಕಣ್ಣಾರೆ ಕಂಡಿದ್ದೀನಿ."

"ಶಿವಶಿವಾ!" ಎಂದು ಚಂದ್ರಶೇಖರಯ್ಯ ಹೋಳಿಗೆಯ ಮೇಲಿನ ತುಪ್ಪವನ್ನೂ ಮರೆತರು. ಪಂಕ್ತಿಯವರೆಲ್ಲ ಕತ್ತು ಮುಂದೆ ಮಾಡಿದರು. ಮೇಷ್ಟರಿಗೆ ತಮ್ಮ ಪಾಂಡಿತ್ಯಕ್ಕೆ ಈ ಮರ್ಯಾದೆ ಎಂದು ಖುಷಿಯೋ ಖುಷಿ.

ಚಂದ್ರಶೇಖರಯ್ಯ ಬಟ್ಟೆ ವ್ಯಾಪಾರಿ. ವಾರವಾರ ಚನ್ನರಾಯಪಟ್ಟಣದ ಸಂತೆಗೆ ಗಂಟು ಕಟ್ಟುವವರು. ಸೀರೆ ಅಳೆಯುವಾಗ ಗೇಣು ಬಿಗಿ ಹಿಡಿದರೂ ಸುದ್ದಿ ಅಳೆಯುವಾಗ ಕೈ ಧಾರಾಳ. ಸಂತೆ ಮುಗಿಯುವ ಹೊತ್ತಿಗೆ ಹನ್ನೊಂದು ವಾಂಡರ್ಲೂಗಳು ನಲವತ್ತಾಗಿದ್ದರು, ದೊರೆ ಇಡೀ ಊರಿಗೇ ಮಂಚ ಹಾಕಿಸಿದ್ದ. ಅಲ್ಲಿಂದ ಆ ಸುದ್ದಿ ದಂಡಿಗನಹಳ್ಳಿಯ ಕೃಷ್ಣಪ್ಪನ ಮನೆಗೆ ಹೋಯಿತು. ಕೃಷ್ಣಪ್ಪನ ಮಗಳು ಜಯಲಕ್ಷ್ಮಿಯನ್ನು ದ್ಯಾವಯ್ಯನ ಮಗ ವಾಂಡ್ರಪ್ಪನಿಗೆ ಕೊಡುವುದೆಂದು ವೀಳ್ಯಶಾಸ್ತ್ರ ಆಗಿ ತಿಂಗಳಾಗಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಕೃಷ್ಣಪ್ಪ ಶಾಸ್ತ್ರದಲ್ಲಿ ಬಂದಿದ್ದ ಸೀರೆಯನ್ನು ಗಂಟು ಕಟ್ಟಿ ವಾಪಸು ಕಳಿಸಿದ.

ಇತ್ತ ಮೇಷ್ಟರು ಅಂಚಿನಲ್ಲಿ ಬರೆದ ಚೀಟಿಗಳು ಹೋಬಳಿಯ ಕಂದಾಯ ನೋಡುವ ಶೇಕ್‌ದಾರ್ ಈಶ್ವರಯ್ಯನವರ ಮೇಜಿಗೆ ಬಂದಿದ್ದವು. ಈಶ್ವರಯ್ಯ ದಿನಾ ಪೇಪರು ಓದುವ ಮನುಷ್ಯ. ಹಾಲೆಂಡನ್ನು ಜರ್ಮನಿ ನುಂಗಿ ಒಂಬತ್ತು ತಿಂಗಳಾಯಿತು, ಆದ್ದರಿಂದ ಹಾಲೆಂಡಿನವರೆಲ್ಲ ಈಗ ಹಿಟ್ಲರನ ಪ್ರಜೆಗಳು, ಆದ್ದರಿಂದ ಹಳ್ಳಿಮೈಸೂರು ಹೋಬಳಿಯಲ್ಲಿ ಹನ್ನೊಂದು ಜನ ಶತ್ರುಗಳು ಬೀಡುಬಿಟ್ಟಿದ್ದಾರೆ ಎಂದು ಅವರು ಹೆಜ್ಜೆ ತಪ್ಪದೆ ತರ್ಕ ಮಾಡಿದರು. ಜೋಡೆತ್ತಿನ ಗಾಡಿ ಕಟ್ಟಿಸಿ, ಚೀಟಿ ಪುಸ್ತಕದ ಸಮೇತ ಮೇಷ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುದ್ದನಕೊಪ್ಪಲಿಗೆ ಹೊರಟರು. ಮೇಷ್ಟರ ಜೇಬಿನಲ್ಲಿ ಕೊಲಂಬೋ ಮುದುಕಿಯ ಎರಡನೆಯ ಕಾಗದವಿತ್ತು. 'ದೇವರು ದೊಡ್ಡವನು. ಹನ್ನೊಂದು ಮಂದಿಗೂ ನನ್ನ ಪರವಾಗಿ ಒಂದೊಂದು ಮುತ್ತು ಕೊಡಿ' ಎಂದು ಬರೆದಿದ್ದಳು. ಅದನ್ನು ಹೇಗೆ ವಿಲೇವಾರಿ ಮಾಡುವುದೆಂದು ಮೇಷ್ಟರಿಗೆ ದಾರಿಯುದ್ದಕ್ಕೂ ತೋಚಲಿಲ್ಲ.

ಚಾವಡಿಯಲ್ಲಿ ಊರೇ ನೆರೆದಿತ್ತು. ಬಿಟ್ಟುಹೋದ ಸಂಬಂಧದ ಪಂಚಾಯಿತಿಗೆಂದು ಕೃಷ್ಣಪ್ಪನನ್ನೂ ಪಟೇಲರು ಕರೆಸಿದ್ದರು. ಹನ್ನೊಂದು ವಾಂಡರ್ಲೂಗಳನ್ನು ಸಾಲಾಗಿ ನಿಲ್ಲಿಸಲಾಯಿತು, ವಾಂಡ್ರಿಯೊಬ್ಬಳನ್ನು ಎತ್ತಿಕೊಳ್ಳಲಾಯಿತು. ಶೇಕ್‌ದಾರರು ಒಬ್ಬೊಬ್ಬರ ರೆಪ್ಪೆ ಬಿಡಿಸಿ ಕಣ್ಣಿನ ಬಣ್ಣ ನೋಡಿದರು. ನೀಲಿ ಕಣ್ಣು ಇದ್ದದ್ದು ಪಟೇಲರ ಬೆಕ್ಕಿಗೆ ಮಾತ್ರ.

"ಮೇಷ್ಟ್ರೇ, ಆ ದೊರೆ ಸತ್ತದ್ದು ಯಾವಾಗ?"

"ಸಾವಿರದ ಒಂಬೈನೂರ ಹದಿನೆಂಟರಲ್ಲಿ, ಸಾರ್."

"ಈ ಕೂಸಿಗೆಷ್ಟು?"

"ಆರು ತಿಂಗಳು, ಸಾರ್."

"ಸತ್ತು ಇಪ್ಪತ್ತೆರಡು ವರ್ಷ ಆದೋನಿಗೆ ಆರು ತಿಂಗಳ ಮಗು! ಅಲ್ರೀ, ನೀವು ಸ್ಕೂಲಲ್ಲಿ ಯಾವ ಪಾಠ ಮಾಡೋದು?"

"ಲೆಕ್ಕ, ಸಾರ್."

ಜನ ನಕ್ಕರು. ಕೃಷ್ಣಪ್ಪ ನಗಲಿಲ್ಲ. ಅವನು ಎದ್ದುನಿಂತು, "ಮಿಕ್ಕೋರ ಇಚಾರ ನಂಗ್ಬ್ಯಾಡ ಸಾ. ನಮ್ ಉಡ್ಗಿಗೆ ನೋಡಿದ ಗಂಡು ಉಟ್ಟಿದ್ದು ದೊರೆ ಬದ್ಕಿದ್ದಾಗ್ಲೇಯ. ಈವಮ್ಮ ಇಲ್ಲ ಅನ್ಲಿ ನೋಡಾನ," ಎಂದ.

ದ್ಯಾವಯ್ಯ ತಲೆಯ ವಸ್ತ್ರ ತೆಗೆದು ಮುಖಕ್ಕೆ ಒತ್ತಿಕೊಂಡ. ಎಲ್ಲರೂ ದೊಡ್ಡಮ್ಮನನ್ನು ನೋಡಿದರು. ಈ ಕೂಟಕ್ಕೆ ಕಾರಣನಾದವನು ತಾನು ಎಂಬುದು ಮೇಷ್ಟರಿಗೆ ಆಗ ಹೊಳೆಯಿತು. ಎದ್ದು ಏನೋ ಹೇಳಲು ಹೋಗಿ ಮಸಿಕುಡಿಕೆ ಉರುಳಿಸಿ ಮತ್ತೆ ಕುಳಿತರು.

ದೊಡ್ಡಮ್ಮ ಮಗನ ಕಡೆ ತಿರುಗಿದಳು. "ಲೇ ವಾಂಡ್ರಪ್ಪ, ನೀನು ಕೆರೆ ಏರಿ ತಾವಿಕೋಗು. ನಾನು ಕೂಗೋಗಂಟ ಬರಬ್ಯಾಡ." ಅವನು ಕೆರೆ ಏರಿ ಮುಟ್ಟುವವರೆಗೂ ನೋಡುತ್ತ ನಿಂತಳು. ಆಮೇಲೆ ಕೃಷ್ಣಪ್ಪನೆದುರಿಗೆ ಬಂದಳು.

"ಬೀಗ್ರೇ, ಇವನಿಗಿಂತ ಮುಂಚೆ ನಾಕು ಎತ್ತಿದ್ದೆ. ನಂಜ, ಸಿದ್ದಿ, ಬೋರ, ಕಾಳಿ. ಒಂದೂ ವರ್ಷ ತುಂಬನಿಲ್ಲ. ಇವರೆಸ್ರ ಇಪ್ಪತ್ಮೂರು ವರ್ಷದಿಂದ ನನ್ ಬಾಯಲ್ಲಿ ಎತ್ತಿರ್ನಿಲ್ಲ. ಎತ್ತಿದ್ರೆ ಉಳ್ದಿರೋ ಮಗೀಗೆ ಆಗಾಕಿಲ್ಲ ಅಂತ. ಇವತ್ತು ಎತ್ತಿಸ್ಬುಟ್ರಿ."

ಐದನೆಯದು ಹುಟ್ಟಿದಾಗ ಊರಿನ ಪದ್ಧತಿಯಂತೆ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರಂತೆ. ಇದು ನಮ್ಮದಲ್ಲ, ಬಿಸಾಡಿದ್ದು ಎಂದು ಯಮನಿಗೆ ತೋರಿಸಲು. ಸೂಲಗಿತ್ತಿ ಬಂದು ಎತ್ತಿಕೊಳ್ಳಬೇಕು, ತಾಯಿ ಅವಳಿಗೆ ತೌಡು ಕೊಟ್ಟು ಮಗುವನ್ನು ಕೊಂಡುಕೊಳ್ಳಬೇಕು, ಎತ್ತಿದವರ ಹೆಸರನ್ನೇ ಕೂಸಿಗೆ ಇಡಬೇಕು. ಸೂಲಗಿತ್ತಿ ಬರುವುದು ಒಂದು ಗಳಿಗೆ ತಡವಾಯಿತು. ರೈಲುದಾರಿ ಅಳೆಯುತ್ತಿದ್ದ ಓವರ್ಸಿಯರ್ ದೊರೆ ಆ ಕಡೆ ಬಂದವನು ತಿಪ್ಪೆಯ ಮೇಲೆ ಕೂಸು ಅಳುವುದನ್ನು ಕಂಡು, ಯಾರೋ ಕೊಲ್ಲಲು ಎಸೆದಿದ್ದಾರೆಂದು ಎದೆಗವಚಿಕೊಂಡು ಓಡಿದನಂತೆ.

"ಅಸೀ ಬಾಣ್ತಿ ನಾನು, ತೌಡಿನ ಕೊಳಗ ಇಡ್ಕಂಡು ಅರ್ಧ ಮೈಲಿ ಓಡ್ದೆ. ಆ ದೊರೆಗೆ ನಮ್ ಮಾತು ಬರಾಕಿಲ್ಲ. ಕಾಲಿಗೆ ಬಿದ್ದು ಬೂಡ್ಸಿನ ಮ್ಯಾಲೆಲ್ಲ ತೌಡು ಸುರಿದೆ. ಕೊನೀಗೆ ಅವ್ನೂ ಅತ್ಬುಟ್ಟ, ಕೂಸ್ನ ಕೊಟ್ಟ. ಎಸ್ರು ಕೇಳಿ ಇಸ್ಕಂಡೆ. ಈ ಎಸ್ರು ಯಮನ ಪಟ್ಟೀಲಿ ಇರಾಕಿಲ್ಲ ಬೀಗ್ರೇ. ಅವನ ಆಳುಗಳು ಬಂದ್ರೂ ಓದಕ್ಕೆ ಬರಾಕಿಲ್ಲ. ಅದ್ಕೇಯ ನನ್ ಮಗ ಉಳ್ದ."

ಗುಂಪಿನಲ್ಲಿ ಗುಂಡಯ್ಯನ ಹೆಂಡತಿ ಎದ್ದಳು. "ನಂದು ಎರಡು ಓದ್ವು. ಆಮೇಕೆ ಇವನಿಗೆ ಆ ಎಸ್ರಿಟ್ಟೆ," ಎಂದಳು. ಇನ್ನೊಬ್ಬಳು, "ನಂದು ಐದು," ಎಂದಳು. ಒಬ್ಬೊಬ್ಬಳೇ ಏಳುತ್ತ ಹೋದಳು. ಮೇಷ್ಟರ ಕೈಯಲ್ಲಿ ಖಾನೇಷುಮಾರಿ ಚೀಟಿಯಿತ್ತು. ಈ ಸಲ ಅವರ ಲೆಕ್ಕ ತಪ್ಪಲಿಲ್ಲ. ಹನ್ನೊಂದು ಮನೆಗಳಿಂದ ಮೂವತ್ತೊಂದು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, "ಇವನ್ನ ಎಲ್ಲಿ ಬರೆಯೋದು ಸಾರ್? ಜಾಗ ಇಲ್ಲವಲ್ಲ," ಎಂದು ಶೇಕ್‌ದಾರರನ್ನು ಕೇಳಿದರು. ಶೇಕ್‌ದಾರರು ಗಾಡಿಯ ಎತ್ತುಗಳ ಕಡೆ ನೋಡಿದರು.

ಕೃಷ್ಣಪ್ಪನ ದನಿ ತಗ್ಗಿತ್ತು. "ತಪ್ಪಾಯ್ತು ಕಣವ್ವಾ. ನಿನ್ ಮ್ಯಾಲೆ ಅನುಮಾನ ಇಲ್ಲ. ಆದ್ರೆ ಸಂತೇಲೆಲ್ಲ ಟಾಂಟಾಂ ಆಗದೆ. ಆ ಎಸ್ರಿಟ್ಕಂಡು ನನ್ ಮಗಳ ಗಂಡ ಅಂತ ಎಂಗೆ ಕರೀಲಿ? ಎಸ್ರು ಬದಲಾಯ್ಸಿ, ನಾಳೀಕೇ ಧಾರೆ ಎರ್ಕೊಡ್ತೀನಿ."

ಶೇಕ್‌ದಾರರಿಗೆ ಇದು ಬಹಳ ಹಿಡಿಸಿತು. "ಅಷ್ಟೇ ತಾನೆ? ಮೇಷ್ಟ್ರೇ, ಆ ಡಚ್ಚು ಗಿಚ್ಚು ಎಲ್ಲ ಹೊಡೆದುಹಾಕಿ. ದೊಡ್ಡೋನಿಗೆ ಪುಟ್ಟರಾಜು ಅಂತ ಬರೀರಿ. ಮಿಕ್ಕವರಿಗೂ ಏನಾದರೂ ಒಂದು ಬರೆದು ಕಳಿಸಿ," ಎಂದು ಹೇಳಿ ಪಟೇಲರ ಮನೆಗೆ ಹಾಲು ಕುಡಿಯಲು ಎದ್ದುಹೋದರು. ಯುದ್ಧ ಅಲ್ಲಿಗೆ ಮುಗಿಯಿತು.

ದೊಡ್ಡಮ್ಮ ಮೇಷ್ಟರ ಚೀಟಿ ಪುಸ್ತಕದ ಮೇಲೆ ಎರಡೂ ಕೈ ಊರಿದಳು. "ಬರೀಬ್ಯಾಡಿ ಸಾ. ಸರ್ಕಾರದ ಪಟ್ಟಿ ಯಮನ ಕೈಗೆ ಸಿಕ್ಕಾಕಿಲ್ಲ ಅಂತ ಏನು ಗ್ಯಾರಂಟಿ? ಮದುವೆ ಇಲ್ದಿದ್ರೆ ಇಲ್ದೆ ಓಗ್ಲಿ."

"ಮದುವೆ ಬ್ಯಾಡ್ವಾ ಅಂಗಾರೆ?" ಎಂದ ಕೃಷ್ಣಪ್ಪ.

ಮೇಷ್ಟರು ಆ ಕೈಗಳನ್ನು ಮೆಲ್ಲಗೆ ಸರಿಸಿದರು. ಮೂವತ್ತು ವರ್ಷದ ಚಾಕರಿಯಲ್ಲಿ ಅವರು ಮೇಲಿನವರ ಆರ್ಡರನ್ನು ಒಂದು ಸಲವೂ ಮೀರಿದವರಲ್ಲ. ಹೊಸ ಚೀಟಿ ತೆಗೆದುಕೊಂಡು, ಮೂಗು ಕಾಗದಕ್ಕೆ ತಗಲುವಷ್ಟು ಬಗ್ಗಿ, ನಿಧಾನವಾಗಿ ಬರೆದರು. ಬರೆದು, "ಪುಟ್ಟರಾಜು. ಆಯ್ತಪ್ಪ," ಎಂದು ಕೃಷ್ಣಪ್ಪನಿಗೆ ತೋರಿಸಿದರು. ಕೃಷ್ಣಪ್ಪನಿಗೆ ಓದು ಬಾರದು. ಅಲ್ಲಿ ಉಳಿದಿದ್ದವರಲ್ಲಿ ಯಾರಿಗೂ ಬಾರದು. ಚೀಟಿಯಲ್ಲಿ ಇದ್ದದ್ದು 'ವಾಂಡರ್ಲೂಪ್ಪ, ದ್ಯಾವಯ್ಯನ ಮಗ' ಎಂದು. ಮಿಕ್ಕ ಹತ್ತನ್ನೂ ಅವರು ಹಾಗೆಯೇ ಬಿಟ್ಟರು.

ಗಾಡಿ ಹತ್ತುವಾಗ ದೊಡ್ಡಮ್ಮ ಚಕ್ರದ ಪಕ್ಕ ನೆಲದ ಮೇಲೆ ಕುಕ್ಕರಿಸಿದ್ದಳು. ಮೇಷ್ಟರು ಚಪ್ಪಲಿ ಸರಿಮಾಡುವ ನೆಪದಲ್ಲಿ ಬಗ್ಗಿ, "ಮೊದಲಿನ ಹೆಸರೇ ಬರೆದಿದ್ದೀನಿ ತಾಯಿ. ಯಾರಿಗೂ ಹೇಳಬೇಡ," ಎಂದರು. ಅವಳು ಅವರ ಪಾದವನ್ನು ಚಪ್ಪಲಿಯ ಸಮೇತ ಹಿಡಿದುಕೊಂಡಳು. ಮದುವೆ ಜೋರಾಗಿ ಆಯಿತು. ಗಂಡನ್ನು ಕೃಷ್ಣಪ್ಪ ಪುಟ್ಟರಾಜು ಎಂದು ಕರೆದ, ತಾಯಿ ವಾಂಡ್ರಪ್ಪ ಎಂದು ಕೂಗಿದಳು, ಗಂಡು ಎರಡಕ್ಕೂ ಓಗೊಟ್ಟ.

ಎರಡು ವರ್ಷ ಹೀಗೆ ಹೋಯಿತು. ೧೯೪೩ರ ಮಳೆಗಾಲದ ಕೊನೆಗೆ ಹೊಳೆ ಬಯಲಿನ ಹಳ್ಳಿಗಳಲ್ಲಿ ಚಳಿಜ್ವರ ಬಿತ್ತು. ಆ ಜ್ವರಕ್ಕೆ ಕ್ವಿನೈನ್ ಮದ್ದು. ಕ್ವಿನೈನ್ ಬರುತ್ತಿದ್ದುದು ಡಚ್ಚರ ಕೈಯಲ್ಲಿದ್ದ ಜಾವಾದಿಂದ. ಜಾವಾ ಜಪಾನಿನವರ ಪಾಲಾಗಿತ್ತು, ಮದ್ದು ಎಲ್ಲೂ ಸಿಗುತ್ತಿರಲಿಲ್ಲ. ವಾಂಡ್ರಪ್ಪ ಒಂಬತ್ತು ದಿನ ನಡುಗಿ ಹತ್ತನೆಯ ದಿನ ತೀರಿಕೊಂಡ. ಮೇಷ್ಟರು ಸುದ್ದಿ ಕೇಳಿ ಸ್ಕೂಲಿನಿಂದ ನೇರ ಮನೆಗೆ ಬಂದು ಮಲಗಿದರು. ಎರಡು ದಿನ ಊಟ ಮಾಡಲಿಲ್ಲ. ನೀಲಾಂಬಿಕೆ ಹೊಟ್ಟೆನೋವೆಂದು ಓಮದ ನೀರು ಕೊಟ್ಟಳು.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ದೊಡ್ಡಮ್ಮ ಹೊಳೆನರಸೀಪುರಕ್ಕೆ ನಡೆದುಕೊಂಡೇ ಬಂದಳು. ಹಿಂದೆ ಸೊಸೆ ಜಯಲಕ್ಷ್ಮಿ, ಅವಳ ಸೆರಗಿನೊಳಗೆ ಎರಡು ತಿಂಗಳ ಗಂಡು ಕೂಸು. ದೊಡ್ಡಮ್ಮ ಒಳಗೆ ಬರಲಿಲ್ಲ, ನೀರೂ ಬೇಡವೆಂದಳು. ಹೊಸಲಿನಾಚೆ ನಿಂತು ಕೇಳಿದಳು.

"ಸಾ, ದಿಟ ಏಳಿ. ಅವತ್ತು ಆ ಪುಸ್ತಕದಲ್ಲಿ ಏನ್ ಬರ್ದಿದ್ರಿ?"

ಮೇಷ್ಟರು ಎದ್ದು ಬಾಗಿಲಿಗೆ ಬಂದರು.

"ಯಾಕ್ ಕೇಳ್ತೀನಿ ಅಂದ್ರೆ, ಈ ಕೂಸಿಗೆ ಇನ್ನೂ ಎಸ್ರಿಟ್ಟಿಲ್ಲ. ಅದೇ ಎಸ್ರು ಬರ್ದಿದ್ರೂ ನನ್ ಮಗ ಓಗಿದ್ರೆ, ಆ ಎಸ್ರಲ್ಲಿ ಏನೂ ಇಲ್ಲ ಅಂತಾಯ್ತು. ಊರಲ್ಲಿ ಹತ್ತು ಜನ ತಾಯಂದ್ರು ಕಣ್ ಮುಚ್ಚಿಲ್ಲ ಸಾ. ಜ್ವರ ಇನ್ನೂ ಓಗಿಲ್ಲ. ನಾನ್ ಓಗಿ ಏನ್ ಏಳ್ಲಿ ಅವ್ರಿಗೆ?"

ಸೊಸೆಯ ಸೆರಗಿನೊಳಗಿನಿಂದ ಕೂಸು ಕಾಲು ಹೊರಗೆ ಚಾಚಿತು. ಮೇಷ್ಟರು ಆ ಕಾಲನ್ನೇ ನೋಡಿದರು.

"ಪುಟ್ಟರಾಜು ಅಂತ ಬರೆದಿದ್ದೆ ತಾಯಿ," ಎಂದರು. "ಶೇಕ್‌ದಾರರಿಗೆ ಹೆದರಿಬಿಟ್ಟೆ. ನಿನಗೆ ಸುಳ್ಳು ಹೇಳಿದೆ."

ದೊಡ್ಡಮ್ಮ ಬಗ್ಗಿ ಬೀದಿಯ ಮಣ್ಣನ್ನು ಎರಡೂ ಕೈಯಲ್ಲಿ ತುಂಬಿ ಮೇಷ್ಟರ ಬಾಗಿಲಿಗೆ ಎರಚಿದಳು. "ನನ್ ಮಗನ್ನ ಪಟ್ಟೀಗೆ ಸೇರ್ಸಿ ಕೊಟ್ಬುಟ್ಯಲ್ಲೋ! ನಿನ್ ಕೈ ಸೇದೋಗ! ನಿನ್ ವಂಶ ನಿರ್ನಾಮಾಗ!" ಎಂದು ಎದೆ ಎದೆ ಬಡಿದುಕೊಂಡಳು. ಎದುರು ಮನೆಯವರು, ಪಕ್ಕದ ಮನೆಯವರು, ಟೀ ಅಂಗಡಿಯವರು ಎಲ್ಲ ಬೀದಿಗೆ ಬಂದರು. ಏನು ಎಂದು ಕೇಳಿದವರಿಗೆಲ್ಲ ಅವಳೇ ಹೇಳಿದಳು, ಈ ಮೇಷ್ಟರೇ ಹೆಸರು ಬದಲಾಯಿಸಿ ನನ್ನ ಮಗನನ್ನು ಕೊಂದ ಎಂದು. ಕೇಳಿದವರು ಮೇಷ್ಟರ ಮುಖ ನೋಡಿ ಹೌದೇನೋ ಎಂಬಂತೆ ತಲೆಯಾಡಿಸಿದರು.

"ಏನ್ರೀ ಇದು! ನೀವು ಬರೆದದ್ದು ಅದೇ ಹೆಸರು ಅಂತ ನನ್ನ ಹತ್ತಿರ—" ಎಂದು ನೀಲಾಂಬಿಕೆ ಬಾಗಿಲಿಗೆ ಬಂದಳು. ಮೇಷ್ಟರು ಅವಳ ಕೈ ಹಿಡಿದು ಒಳಕ್ಕೆ ಎಳೆದರು. ಅಷ್ಟು ಬಿಗಿಯಾಗಿ ಅವರು ಯಾವತ್ತೂ ಹಿಡಿದಿರಲಿಲ್ಲ.

ಬೈದು ಬೈದು ದೊಡ್ಡಮ್ಮನ ದನಿ ಬಿದ್ದುಹೋಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು. ಸೊಸೆಯ ಕೈಯಿಂದ ಕೂಸನ್ನು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡಳು.

"ಅಳಬ್ಯಾಡ ಕಣ್ಲಾ ವಾಂಡ್ರಪ್ಪ," ಎಂದಳು ಅದಕ್ಕೆ. "ನಿಂಗೇನೂ ಆಗಾಕಿಲ್ಲ. ಬಾ, ಊರಿಗೋಗವಾ. ಈ ಪಾಪಿ ಮುಖ ನೋಡಬ್ಯಾಡ."

ಕೂಸು ಅಜ್ಜಿಯ ಹೆಗಲ ಮೇಲಿನಿಂದ ಬಾಗಿಲ ಕಡೆಗೇ ಕಣ್ಣು ಬಿಟ್ಟುಕೊಂಡಿತ್ತು. ಗೌರೀಶಂಕರಯ್ಯ ಮೇಷ್ಟರು ಅದರ ಕಣ್ಣಿಗೆ ಬೀಳದಂತೆ ಬಾಗಿಲ ಹಿಂದಕ್ಕೆ ಸರಿದು ನಿಂತರು.